ಕೊಟ್ಟಿಗೆಹಾರದ ಮಂಜಿನಲ್ಲಿ 47 ಸೆಕೆಂಡ್

ಜನವರಿ ತಿಂಗಳು, ಬೆಳಗ್ಗೆ ಏಳೂವರೆ, ಕೊಟ್ಟಿಗೆಹಾರ. ಎದುರಿನ ಹೋಟೆಲಿನ ಬೋರ್ಡೂ ಕಾಣದಷ್ಟು ಮಂಜು. ಅಲ್ಲೇ ರಸ್ತೆ ಪಕ್ಕ ಮೂರು ತಿಂಗಳ ಮಗನ ಡೈಪರ್ ಬದಲಿಸಿದೆ. 47 ಸೆಕೆಂಡ್. ಹೆಂಡತಿ ಮೊಬೈಲ್ ಹಿಡಿದು ಲೆಕ್ಕ ಹಾಕಿದ್ದಾಳೆ. ಮಗ ಕುಂಯ್ ಅನ್ನಲಿಲ್ಲ.

ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಹೊರಡ್ತೀವಿ ಅಂದಾಗ ಅತ್ತೆ ಖಡಾಖಂಡಿತ ಹೇಳಿದ್ದರು: "ಈ ಚಳೀಲಿ ದಾರಿ ಮಧ್ಯೆ ಕೂಸಿನ ಬಟ್ಟೆ ಬಿಚ್ಚೋದಾ? ನೆಗಡಿ ಆದ್ರೆ ನನ್ನ ಕೇಳ್ಬೇಡಿ." ಅವರದ್ದೂ ತಪ್ಪಲ್ಲ ಬಿಡಿ. ಡಿಸೆಂಬರಿನ ನನ್ನ ಎಡವಟ್ಟುಗಳೆಲ್ಲ ಅವರ ಕಣ್ಣೆದುರೇ ನಡೆದಿದ್ದವು.

ಮೊದಲನೆಯದು ಬೇಲೂರಿನ ಹತ್ತಿರ. 850 ರೂಪಾಯಿಯ ಮಡಚೋ ಮ್ಯಾಟನ್ನು ಕಲ್ಲುಬೆಂಚಿನ ಮೇಲೆ ಹಾಸಿ ಮಲಗಿಸಿದೆ. ಕಲ್ಲಿನ ಥಂಡಿಯೆಲ್ಲ ಮ್ಯಾಟ್ ದಾಟಿ ಬಂತು. ಪ್ಯಾಕೆಟಿನಿಂದ ತೆಗೆದ ವೈಪ್ಸ್ ತಾಗಿಸಿದ್ದೇ ತಡ, ಮಂಡಿ ಎರಡೂ ಹೊಟ್ಟೆಗೆ ಎಳೆದುಕೊಂಡು ಕಿರುಚಿದ. ಹಿಂದೆಯೇ ಕಾರಂಜಿ. ಅವನ ಜಬಲಾ, ಸಾಕ್ಸ್, ನನ್ನ ಸ್ವೆಟರ್, ಎಲ್ಲ ಒದ್ದೆ. ಏಳೆಂಟು ನಿಮಿಷ ಹಿಡೀತು. ಅತ್ತೆ ಏನೂ ಹೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಕಾರಿನ ಚಾರ್ಜರ್ ತೂತಿಗೆ ಸಿಕ್ಕಿಸೋ ವೈಪ್ಸ್ ಬಿಸಿ ಮಾಡೋ ಡಬ್ಬಿ ತಂದೆ, 1,400 ಇರಬೇಕು. ಅರ್ಧ ಗಂಟೆ ಕಾದರೆ ಮೇಲಿನ ನಾಲ್ಕು ಉಗುರುಬೆಚ್ಚಗೆ, ತಳದವು ಒಣಗಿದ ಹಪ್ಪಳ. ಆಫೀಸಿನಲ್ಲಿ ಒಬ್ಬರಿಗೆ 400ಕ್ಕೆ ದಾಟಿಸಿದೆ.

ಕಾರಿನ ಒಳಗೇ ಮಾಡಬಹುದಲ್ವಾ ಅಂತೀರಿ. ಮಾಡಿದೆ. ನಮ್ಮದು ಹಳೇ ವ್ಯಾಗನಾರ್. ಹಿಂದಿನ ಸೀಟು ಒಳಕ್ಕೆ ಇಳಿಜಾರು, ಮಗು ಜಾರಿ ಒರಗಿಗೆ ಅಂಟಿಕೊಳ್ತಾನೆ, ನಾನು ಬಾಗಿಲಲ್ಲಿ ಬಗ್ಗಿ ಸೊಂಟ ಹಿಡಿದುಕೊಳ್ತೀನಿ.

ಈಗ ಡಿಕ್ಕಿಯೇ ನಮ್ಮ ಜಾಗ. ಸಾಮಾನು ಸೀಟಿಗೆ ಹೋಗುತ್ತೆ. ಗಾಳಿ ಬರೋ ಕಡೆಗೆ ಮೂತಿ ಮಾಡಿ ಕಾರು ನಿಲ್ಲಿಸ್ತೀನಿ, ಎತ್ತಿದ ಡಿಕ್ಕಿ ಬಾಗಿಲು ತಲೆ ಮೇಲೆ ಸೂರು. ಎಂಜಿನ್ ಮಾತ್ರ ಆಫ್ ಆಗಿರಲೇಬೇಕು, ಹೊಗೆಯೆಲ್ಲ ಮಗುವಿನ ಮುಖಕ್ಕೇ ಬರುತ್ತೆ.

ನನ್ನ ಹೆಮ್ಮೆ ಏನಿದ್ದರೂ ಬಾನೆಟ್ಟಿನದು. ಇಪ್ಪತ್ತು ಕಿಲೋಮೀಟರ್ ಓಡಿದ ಬಾನೆಟ್ ದೋಸೆ ಹೆಂಚಿನ ತಮ್ಮ. ಮಡಚಿದ ಫ್ಲಾನೆಲ್ ಬಟ್ಟೆ, ಹೊಸ ಡೈಪರ್ ಎರಡನ್ನೂ ಅದರ ಮೇಲೆ ಎರಡು ನಿಮಿಷ ಇಡ್ತೀನಿ. ನನ್ನ ಕೈಗಳನ್ನೂ. ಮಗುವನ್ನಲ್ಲ, ಯಾವತ್ತೂ ಅಲ್ಲ. ಫ್ಲಾನೆಲನ್ನು ಕೆನ್ನೆಗೆ ಒತ್ತಿ ನೋಡಿ, ಹಿತವಾಗಿದ್ದರೆ ಡಿಕ್ಕಿಯ ಕಂಬಳಿ ಮೇಲೆ ಹಾಸಿದರಾಯ್ತು.

ವೈಪ್ಸ್ ಬಿಟ್ಟೇಬಿಟ್ಟೆ. ಮಾವನ ಹಳೇ ಪಂಚೆ ಹರಿದು ಅಂಗೈಯಗಲದ ಎಂಟು ಹತ್ತು ತುಂಡು, ಫ್ಲಾಸ್ಕಿನಲ್ಲಿ ಬೆಚ್ಚನೆ ನೀರು. ಮಣಿಕಟ್ಟಿಗೆ ಎರಡು ಹನಿ ಹಾಕಿ ನೋಡಿಯೇ ಒರೆಸೋದು. ಒಣ ತುಂಡಿನಿಂದ ಒತ್ತೋದು ಮರೀಬೇಡಿ, ಒದ್ದೆ ಚರ್ಮಕ್ಕೆ ಗಾಳಿ ತಾಗಿದರೆ ಅಲ್ಲೇ ಅಳು ಶುರು. ತೆಂಗಿನೆಣ್ಣೆ ಬಾಟಲಿ ನನ್ನ ಅಂಗಿಯ ಒಳಜೇಬಿನಲ್ಲಿ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತೆ. ಒಂದು ಸಲ ಬಾಟಲಿ ಬಾಯಿಗೆ ಬೆರಳಿಟ್ಟು ಮೇಣದ ಹಾಗೆ ಕೆರೆದಿದ್ದೇನೆ.

ಹೊಸ ಡೈಪರ್ ಬಿಡಿಸಿ ಹಳೆಯದರ ಕೆಳಗೆ ಸೇರಿಸಿದ ಮೇಲೇ ಟೇಪಿಗೆ ಕೈ. ಟೇಪ್ ಬಿಚ್ಚಿ, ಒಮ್ಮೆ ತೆರೆದು, ತಕ್ಷಣ ಮುಚ್ಚಿ ಐದು ಎಣಿಸಿ. ಕಾರಂಜಿ ಬರೋದಿದ್ದರೆ ಹಳೆಯದರಲ್ಲೇ ಬರಲಿ. ಕುಲಾವಿ, ಸ್ವೆಟರ್ ಬಿಚ್ಚೋದೇ ಇಲ್ಲ. ಚಡ್ಡಿ ಕೂಡ ಒಂದೇ ಕಾಲಿನಿಂದ. ಮೈ ಪೂರ್ತಿ ಮುಚ್ಚೋ ಜಿಪ್ ಅಂಗಿ ನೋಡೋಕೆ ಚಂದ, ರಸ್ತೆ ಪಕ್ಕಕ್ಕಲ್ಲ. ಎರಡೂ ಕಾಲನ್ನು ಒಂದೇ ಕೈಲಿ ಹಿಡಿಯೋ ಹಿಡಿತವೊಂದಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ತೀನಿ.

ಮಧ್ಯೆ ಬಟ್ಟೆ ಲಂಗೋಟಿಯನ್ನೂ ಒಂದು ವಾರ ನೋಡಿದೆ. ಮನೆಯೊಳಗೆ ಅದಕ್ಕೆ ಸಮ ಇಲ್ಲ. ಪ್ರಯಾಣದಲ್ಲಿ ಮಾತ್ರ ಉಚ್ಚೆ ಹೊಯ್ದ ಎರಡೇ ನಿಮಿಷಕ್ಕೆ ತಣ್ಣಗಾಗಿ ಮಗು ನಡುಗ್ತಾನೆ. ಡೈಪರ್ ಒಂದಕ್ಕೆ ಹತ್ತೋ ಹನ್ನೆರಡೋ ರೂಪಾಯಿ, ಕೊಟ್ಟುಬಿಡಿ.

ಬಳಸಿದ್ದನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ಮನೆಗೆ ತರ್ತೀವಿ. ಈಗಿನ ಸರಂಜಾಮಿಗೆ ಡೈಪರ್ ಬಿಟ್ಟರೆ ದುಡ್ಡು ಕೊಟ್ಟು ತಂದದ್ದು ಅದೊಂದೇ, 150 ರೂಪಾಯಿ. ಮೊದಲು ಪ್ಲಾಸ್ಟಿಕ್ ಚೀಲ ಇತ್ತು. ಚಾರ್ಮಾಡಿ ಘಾಟಿಯಲ್ಲಿ ಕೋತಿಯೊಂದು ತಿಂಡಿ ಅಂದುಕೊಂಡು ಅದನ್ನು ಎತ್ತಿಕೊಂಡು ತಡೆಗೋಡೆ ಮೇಲೆ ಕೂತು ಬಿಚ್ಚಿತು. ಅದರ ಮುಖ ನೋಡಬೇಕಿತ್ತು.

ಧರ್ಮಸ್ಥಳದಿಂದ ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ಮತ್ತೆ ನಿಲ್ಲಿಸಿದೆ. ನಾನು ಬೆಲ್ಟ್ ಬಿಚ್ಚೋ ಮೊದಲೇ ಅತ್ತೆ ಇಳಿದು ಫ್ಲಾನೆಲನ್ನು ಬಾನೆಟ್ ಮೇಲೆ ಹರಡಿಯಾಗಿತ್ತು. "ಬೇಗ ಬನ್ನಿ, ಆರಿಹೋಗುತ್ತೆ."