ಹನ್ನೆರಡು ಚೈನ್ ಸಾಕು ಅಂದುಕೊಂಡಿದ್ದೆ

ನಮ್ಮ ಲಿನಕ್ಸ್ ಫೈರ್‌ವಾಲ್‌ನಲ್ಲಿ, ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವ ಪ್ಯಾಕೆಟ್‌ಗಳನ್ನು ನೋಡುವ ಒಂದೇ ಫಾರ್ವರ್ಡ್ ಚೈನ್‌ನಲ್ಲಿ (ಸಾಲಾಗಿ ಓದುವ ರೂಲ್‌ಗಳ ಪಟ್ಟಿ) ಮುನ್ನೂರೈವತ್ತರ ಹತ್ತಿರ ರೂಲ್‌ಗಳಿದ್ದವು. ಅದನ್ನು ಒಡೆದು ಇಂಟರ್ಫೇಸ್ ಜೋಡಿಗೊಂದು ಚೈನ್ ಮಾಡುತ್ತೇನೆ ಅಂದಾಗ ಜೊತೆಯವರು ನಕ್ಕರು. ಲ್ಯಾನ್ (ಒಳಜಾಲ), ವ್ಯಾನ್ (ಇಂಟರ್ನೆಟ್ ಕಡೆ), ಡಿಎಂಜೆಡ್ (ಹೊರಗಿನವರಿಗೆ ತೆರೆದ ಸರ್ವರ್‌ಗಳ ಜಾಲ), ವೈರ್‌ಗಾರ್ಡ್ (ವಿಪಿಎನ್): ಎರಡೂ ದಿಕ್ಕು ಎಣಿಸಿದರೆ ನಾಲ್ಕಕ್ಕೆ 12 ಜೋಡಿ, ಯಾರು ನೋಡಿಕೊಳ್ಳೋದು ಅಂತ. ಈಗ ಒಟ್ಟು ನೂರು ರೂಲ್ ಕೂಡ ಇಲ್ಲ.

ದೊಡ್ಡ ಬಾಕ್ಸ್‌ಗೆಂದು ಎತ್ತಿಟ್ಟಿದ್ದ ದುಡ್ಡೂ ಉಳಿಯಿತು. ನೆಟ್‌ವರ್ಕ್ ನಿಧಾನವಾಗಿದ್ದಕ್ಕೆ ಕಾರಣ ಹಾರ್ಡ್‌ವೇರ್ ಅಲ್ಲ. ಕೌಂಟರ್ ಹಾಕಿ ನೋಡಿದರೆ ಈಗಾಗಲೇ ಶುರುವಾದ ಸಂಪರ್ಕಗಳನ್ನು ಬಿಡುವ ಎಸ್ಟಾಬ್ಲಿಷ್ಡ್ ರೂಲ್ ಇನ್ನೂರನೇ ಸಾಲಿನ ಆಚೆ ಕೂತಿತ್ತು. ಪ್ರತಿ ಪ್ಯಾಕೆಟ್ಟೂ ಅಷ್ಟು ದಾಟಿ ಹೋಗಬೇಕು!

ಎನ್‌ಎಫ್‌ಟೇಬಲ್ಸ್‌ನ (ಲಿನಕ್ಸ್‌ನ ಫೈರ್‌ವಾಲ್ ಸಾಧನ) ಫಾರ್ವರ್ಡ್‌ನಲ್ಲಿ ಈಗ ಮೂರೇ ಸಾಲು: ಎಸ್ಟಾಬ್ಲಿಷ್ಡ್ ಮತ್ತು ಅದಕ್ಕೆ ಸಂಬಂಧಿಸಿದ ರಿಲೇಟೆಡ್ ಅಕ್ಸೆಪ್ಟ್, ಇನ್‌ವ್ಯಾಲಿಡ್ ಡ್ರಾಪ್, ಆಮೇಲೆ ಒಳ-ಹೊರ ಇಂಟರ್ಫೇಸ್ ಹೆಸರು ಜೋಡಿಸಿದ ವರ್ಡಿಕ್ಟ್ ಮ್ಯಾಪ್ (ಯಾವ ಜೋಡಿ ಯಾವ ಚೈನ್‌ಗೆ ಹೋಗಬೇಕೆಂಬ ಪಟ್ಟಿ). ಪಾಲಿಸಿ ಡ್ರಾಪ್, ಅಂದರೆ ಯಾವ ರೂಲಿಗೂ ತಾಗದ್ದು ಬಿದ್ದುಹೋಗುತ್ತದೆ. ಪ್ರತಿ ಚೈನ್‌ನ ಕೊನೆಗೆ ಅದೇ ಚೈನ್‌ನ ಹೆಸರಿನ ಲಾಗ್, ನಿಮಿಷಕ್ಕೆ ಐದರ ಮಿತಿ. ಲಾಗ್ ನೋಡಿದರೆ ಸಾಕು, ಯಾವ ಫೈಲ್ ತೆರೆಯಬೇಕು ಅಂತ ಗೊತ್ತಾಗುತ್ತದೆ.

ಪೆಟ್ಟು ತಿಂದದ್ದು ಮೊದಲ ಸಲವೇ. ವೇಗದ ಆಸೆಗೆ ಒಳಬರುವ ಇಂಟರ್ಫೇಸನ್ನು ಹೆಸರಿನಿಂದ ಹಿಡಿಯುವ ಐಐಎಫ್‌ನೇಮ್ ಬಿಟ್ಟು ಐಐಎಫ್ ಬಳಸಿದೆ. ಅದು ಹಿಡಿಯುವುದು ಇಂಡೆಕ್ಸ್ ನಂಬರನ್ನು. ಇಂಟರ್ನೆಟ್‌ನ ಪಿಪಿಪಿಒಇ ಲಿಂಕ್ ಬಿದ್ದೆದ್ದಾಗ ನಂಬರ್ ಬದಲು, ವ್ಯಾನ್‌ನ ಒಂದು ರೂಲೂ ತಾಗಲಿಲ್ಲ. ರೀಬೂಟ್‌ನಲ್ಲಿ ಇನ್ನೂ ಕೆಟ್ಟದಾಯಿತು: ಆ ಲಿಂಕ್‌ನ ಇಂಟರ್ಫೇಸ್ ಪಿಪಿಪಿ0 ಇನ್ನೂ ಹುಟ್ಟಿರಲಿಲ್ಲ, ಅದೊಂದು ಸಾಲಿಗೆ ಇಡೀ ಫೈಲ್ ಲೋಡ್ ಆಗದೆ ಬಾಕ್ಸ್ ಬಾಗಿಲು ತೆರೆದೇ ನಿಂತಿತು. ಹೆಸರೇ ವಾಸಿ.

ಇನ್‌ಪುಟ್ ಚೈನ್‌ನಲ್ಲಿ (ಬಾಕ್ಸ್‌ಗೇ ಬರುವ ಪ್ಯಾಕೆಟ್‌ಗಳದ್ದು) ಹೊರ ಇಂಟರ್ಫೇಸ್ ಬರೆದರೆ ಹಳೆಯ ಸಾಧನ ಐಪಿಟೇಬಲ್ಸ್ ಅಲ್ಲೇ ಬೈಯುತ್ತಿತ್ತು. ಎನ್‌ಎಫ್‌ಟೇಬಲ್ಸ್ ತೆಪ್ಪಗೆ ಒಪ್ಪಿಕೊಳ್ಳುತ್ತದೆ, ಮ್ಯಾಚ್ ಮಾತ್ರ ಆಗುವುದೇ ಇಲ್ಲ. ವ್ಯಾನ್‌ನಿಂದ ಡಿಎಂಜೆಡ್‌ಗೆ ಬಿಡುವ ರೂಲ್‌ನಲ್ಲಿ ಸರ್ವರ್‌ನ ಪಬ್ಲಿಕ್ ವಿಳಾಸ ಬರೆದು ಅರ್ಧ ದಿನ ಕಳೆದೆ. ಫಾರ್ವರ್ಡ್‌ಗೆ ಬರುವಷ್ಟರಲ್ಲಿ ಡಿನ್ಯಾಟ್ (ಪಬ್ಲಿಕ್ ವಿಳಾಸವನ್ನು ಒಳಗಿನದಕ್ಕೆ ಬದಲಿಸುವುದು) ಮುಗಿದಿರುತ್ತದೆ, ಒಳಗಿನ ವಿಳಾಸವೇ ಬೇಕು.

ನಡುವೆ ಐಪಿಸೆಕ್ ವಿಪಿಎನ್ ಕೂಡ (ತನ್ನದೇ ಇಂಟರ್ಫೇಸ್ ಇಲ್ಲದ ಬಗೆ) ಪರೀಕ್ಷಿಸಿದೆ. ಡಿಕ್ರಿಪ್ಟ್ ಆದ ಪ್ಯಾಕೆಟ್ ಮತ್ತೆ ವ್ಯಾನ್‌ನಿಂದಲೇ ಬಂದಂತೆ ಕಾಣುತ್ತದೆ, ಜೋಡಿ ಲೆಕ್ಕವೇ ತಪ್ಪುತ್ತದೆ. ವೈರ್‌ಗಾರ್ಡ್‌ಗೆ ತನ್ನದೇ ಇಂಟರ್ಫೇಸ್ ಇದೆ, ತಂಟೆಯಿಲ್ಲ.

ಲೋಡ್ ಮಾಡುವ ಮುಂಚೆ ಎನ್‌ಎಫ್‌ಟಿ ಕಮಾಂಡ್‌ಗೆ ಮೈನಸ್ ಸಿ ಹಾಕಿ (ಬರೀ ತಪ್ಪು ನೋಡುತ್ತದೆ, ಲೋಡ್ ಮಾಡುವುದಿಲ್ಲ) ಪರೀಕ್ಷೆ, ಹಿನ್ನೆಲೆಯಲ್ಲಿ 90 ಸೆಕೆಂಡಿಗೆ ಹಳೆಯದನ್ನು ವಾಪಸ್ ತರುವ ಸ್ಕ್ರಿಪ್ಟ್. ಮ್ಯಾಪನ್ನು ತಾನೇ ಬರೆಯುವ ಸ್ಕ್ರಿಪ್ಟ್ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಅಂದ ಹಾಗೆ, ಚೈನ್ 12 ಅಲ್ಲ, 13. ಲ್ಯಾನ್‌ನಲ್ಲಿ ಕೂತು ಪಬ್ಲಿಕ್ ವಿಳಾಸದ ಮೂಲಕ ಲ್ಯಾನ್‌ನದೇ ಸರ್ವರ್ ತೆರೆದರೆ ಒಳಗೂ ಹೊರಗೂ ಒಂದೇ ಇಂಟರ್ಫೇಸ್. ಲ್ಯಾನ್-ಲ್ಯಾನ್ ಜೋಡಿ ಮ್ಯಾಪ್‌ನಲ್ಲಿ ಇರಲೇ ಇಲ್ಲ.