ಸ್ಕೇಲ್ ನನಗೆ ಅರ್ಥ ಆದದ್ದು ಹಾರ್ಮೋನಿಯಂ ಮುಂದೆ ಕೂತು

ನಮ್ಮ ಕಾಸರಗೋಡಿನಲ್ಲಿ ಊರಿಗೊಂದು ಭಜನಾ ಮಂದಿರ ಉಂಟು, ನಮ್ಮ ಮಂದಿರದಲ್ಲಿ ಹಾರ್ಮೋನಿಯಂ ಬಾರಿಸುವುದು ನಾನು. ಈಗ ಭಜನೆಗೆ ಬರುವ ಮಕ್ಕಳಲ್ಲಿ ಕೆಲವರು ಸಂಗೀತ ಕ್ಲಾಸಿಗೆ ಹೋಗ್ತಾರೆ, ಕೆಲವರು ಕೀಬೋರ್ಡ್ ಕಲೀತಾರೆ, ಒಬ್ಬ ಶಂಕರಾಭರಣ ರಾಗ ಅಂತಾನೆ ಇನ್ನೊಬ್ಬ ಸಿ ಮೇಜರ್ ಸ್ಕೇಲ್ ಅಂತಾನೆ, ಇಬ್ಬರೂ ಒತ್ತುವುದು ಅದೇ ಏಳು ಬಿಳಿ ಕೀ. ಸ್ಕೇಲ್ ಅಂದ್ರೆ ಹೀಗೆ ಸ ದಿಂದ ಮೇಲಿನ ಸ ವರೆಗೆ ಹೋಗುವ ಸ್ವರಗಳ ಸಾಲು.

ನಾನು ಶುರು ಮಾಡಿದ್ದೂ ಆ ಬಿಳಿ ಕೀಗಳಿಂದಲೇ. ಬಿಳಿ ಒಂದನ್ನು, ಅಂದ್ರೆ ಸಿ ಕೀಯನ್ನು, ಸ ಮಾಡಿದ್ರೆ ಶಂಕರಾಭರಣ. ಬಿಳಿ ಎರಡು, ಮೂರು ಅಂದ್ರೆ ಅದರ ಬಲಕ್ಕಿರುವ ಬಿಳಿ ಕೀಗಳು. ಒಂದು ಕೀಯನ್ನೂ ಬದಲಿಸದೆ ಬಿಳಿ ಎರಡನ್ನು ಸ ಮಾಡಿ, ಶ್ರುತಿಯನ್ನೂ (ಹಿಂದೆ ನಿಲ್ಲದೆ ಕೇಳುವ ಆಧಾರ ಸ್ವರ) ಅಲ್ಲೇ ಇಟ್ಟು ಬಾರಿಸಿದ್ರೆ ಖರಹರಪ್ರಿಯ ಆಗ್ತದೆ, ಮೂರರಿಂದ ತೋಡಿ, ನಾಲ್ಕರಿಂದ ಕಲ್ಯಾಣಿ, ಐದರಿಂದ ಹರಿಕಾಂಭೋಜಿ, ಆರರಿಂದ ನಠಭೈರವಿ, ಪಾಶ್ಚಾತ್ಯದವರು ನ್ಯಾಚುರಲ್ ಮೈನರ್ ಅಂತ ಹೇಳುವುದು ಇದನ್ನೇ. ಏಳರಿಂದ ಹೊರಟರೆ ಪಂಚಮವೇ (ಪ) ಸಿಗುವುದಿಲ್ಲ, ಹಾಗಾಗಿ ನಮ್ಮಲ್ಲಿ ಅದು ಮೇಳ, ಅಂದ್ರೆ ಏಳೂ ಸ್ವರ ಇರುವ ಮೂಲ ರಾಗ, ಆಗುವುದಿಲ್ಲ. ಶ್ರುತಿ ಬದಲಿಸದೆ ಇದನ್ನು ಮಾಡಿದ್ರೆ ಮಾತ್ರ ಎಂತದೂ ಗೊತ್ತಾಗ್ಲಿಕ್ಕಿಲ್ಲ, ಕಿವಿ ಹಳೇ ಸ ವನ್ನೇ ಹಿಡ್ಕೊಂಡಿರ್ತದೆ.

ಮಕ್ಕಳಿಗೆ ತೋರಿಸ್ಲಿಕ್ಕೆ ನನಗೆ ಇನ್ನೂ ಇಷ್ಟ ಕಪ್ಪು ಕೀಗಳು. ಅದ್ರಲ್ಲಿ ಐದೇ ಸ್ವರ, ಬಿಳಿ ಒಂದರ ಬಲಕ್ಕೆ ಇರುವುದು ಕಪ್ಪು ಒಂದು. ಕಪ್ಪು ಮೂರರಿಂದ ಮೋಹನ, ನಾಲ್ಕರಿಂದ ಮಧ್ಯಮಾವತಿ, ಐದರಿಂದ ಹಿಂದೋಳ, ಮತ್ತೆ ಮೇಲಿನ ಕಪ್ಪು ಒಂದರಿಂದ ಶುದ್ಧ ಸಾವೇರಿ, ಎರಡರಿಂದ ಶುದ್ಧ ಧನ್ಯಾಸಿ. ಕಚೇರಿಯ ಕೊನೆಗೆ ಹಾಡುವ ಮಧ್ಯಮಾವತಿ ಮೋಹನದ ಪಕ್ಕದ ಕೀಯಲ್ಲೇ ಕೂತಿದೆ ಅಂತ ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ ಮಾರ್ರೆ. ಹೀಗೆ ಸ್ವರ ಅದೇ ಇಟ್ಟು ಸ ಮಾತ್ರ ಜರುಗಿಸುವುದಕ್ಕೆ ಗ್ರಹಭೇದ ಅಂತಾರೆ.

ಆದ್ರೆ ಎಲ್ಲಾ ಸ್ಕೇಲೂ ಹೀಗೆ ಸ ಜರುಗಿಸಿ ಸಿಗುವುದಿಲ್ಲ. ಸರಳೆ, ಅಂದ್ರೆ ಮೊದಲ ಸ್ವರ ಪಾಠ, ಕಲಿಸುವ ಮಾಯಾಮಾಳವಗೌಳವನ್ನೇ ನೋಡಿ, ಬಿಳಿ ಒಂದು, ಕಪ್ಪು ಒಂದು, ಅಲ್ಲಿಂದ ಎರಡು ಕೀ ಹಾರಿ ಬಿಳಿ ಮೂರು, ಪಕ್ಕದಲ್ಲೇ ಬಿಳಿ ನಾಲ್ಕು. ಪಂಚಮದಿಂದ ಮೇಲೆಯೂ ಇದೇ ಲೆಕ್ಕ, ಬಿಳಿ ಐದು, ಕಪ್ಪು ನಾಲ್ಕು, ಹಾರಿ ಬಿಳಿ ಏಳು, ಮೇಲಿನ ಸ. ಎರಡು ಅರ್ಧವೂ ಒಂದೇ ಅಳತೆ, ಹಾಗಾಗಿ ಒಂದು ಕೂತ್ರೆ ಇನ್ನೊಂದು ತಾನಾಗಿ ಕೂರ್ತದೆ. ಈ ದೊಡ್ಡ ಹಾರು ಮೇಲಿನ ಅರ್ಧದಲ್ಲಿ ಮಾತ್ರ ಇದ್ದು ಕೆಳಗೆ ದೊಡ್ಡ ರಿ, ಸಣ್ಣ ಗ ಇದ್ರೆ (ಅದೇ ಸ್ವರದ ಮೇಲಿನ ಜಾಗ ದೊಡ್ಡದು, ಕೆಳಗಿನ ಜಾಗ ಸಣ್ಣದು) ಕೀರವಾಣಿ, ಅಂದ್ರೆ ಹಾರ್ಮೋನಿಕ್ ಮೈನರ್.

ಮೆಲೋಡಿಕ್ ಮೈನರ್ ಏರುವಾಗ ಗೌರಿಮನೋಹರಿ, ಇಳಿಯುವಾಗ ನಠಭೈರವಿ. ಕೀಬೋರ್ಡ್ ಹುಡುಗರಿಗೆ ಇದು ಕಷ್ಟ ಅನ್ನಿಸ್ತದೆ, ಆದ್ರೆ ಬಿಲಹರಿ ಕಲಿತವರಿಗೆ ಹೊಸತೆಂತ ಇಲ್ಲ, ಅದೂ ಮೋಹನದಲ್ಲಿ ಏರಿ ಶಂಕರಾಭರಣದಲ್ಲಿ ಇಳಿಯುವುದು. 72 ಮೇಳದ ಲೆಕ್ಕವೂ ದೊಡ್ಡದಲ್ಲ, ರಿ ಗ ಜೋಡಿ 6, ದ ನಿ ಜೋಡಿ 6, ಗುಣಿಸಿದ್ರೆ 36, ಮಧ್ಯಮ ಎರಡು ಇರುವ ಕಾರಣ 72.

ಇಷ್ಟು ಕಲಿತ್ರೆ ರಾಗ ಬಂತು ಅಂತ ಅಲ್ಲ. ತೋಡಿಯ ಗಾಂಧಾರವನ್ನು ಹಾರ್ಮೋನಿಯಂನಲ್ಲಿ ನೆಟ್ಟಗೆ ಒತ್ತಿದ್ರೆ ತೋಡಿ ಕೇಳುವುದೇ ಇಲ್ಲ, ಆ ಸ್ವರ ಅಲ್ಲಾಡ್ಬೇಕು, ಅದನ್ನು ಗಂಟಲಿನಲ್ಲೇ ಕಲೀಬೇಕು.

ಗೊತ್ತಿಲ್ಲದ ಭಜನೆ ಯಾರಾದ್ರೂ ಎತ್ತಿದ್ರೆ ನಾನೀಗ ಮೊದಲು ಸ ಹಿಡೀತೇನೆ, ಮತ್ತೆ ಗ ಸಣ್ಣದಾ ದೊಡ್ಡದಾ ನೋಡ್ತೇನೆ, ಅಲ್ಲಿಗೇ ಮೈನರ್ ಕಡೆಯದ್ದಾ ಮೇಜರ್ ಕಡೆಯದ್ದಾ ಅಂತ ತಿಳೀತದೆ. ಗ ದೊಡ್ಡದಿದ್ದು ರಿ ಸಣ್ಣದಿದ್ರೆ ಮಾಯಾಮಾಳವಗೌಳದ ಬಳಗ ಇರ್ಬೇಕು ಅಂತ ಬೆರಳು ಕಪ್ಪಿಗೆ ಜರುಗಿಸ್ತೇನೆ. ಆಮೇಲೆ ಮ, ಕೊನೆಗೆ ನಿ. ಪಲ್ಲವಿ ಎರಡನೇ ಸಲ ಬರುವಾಗ ಜೊತೆಗೆ ಬಾರಿಸ್ಲಿಕ್ಕೆ ಅಷ್ಟು ಸಾಕಾಗ್ತದೆ.