ಐದು ಕುರ್ತಾ ಸಾಕು, ಆದರೆ ಚೆನ್ನಾಗಿ ಹೊಲಿಸಿದ್ದಿರಲಿ

ಹೊಸ ಬಟ್ಟೆ ತಗೊಳ್ಳೋ ಮೊದಲು ಬೀರು ಖಾಲಿ ಮಾಡಿ. ಎಲ್ಲ ಮಂಚದ ಮೇಲೆ ಸುರಿದು, ಹೋದ ತಿಂಗಳು ನಿಜವಾಗಿ ಹಾಕಿಕೊಂಡ ಬಟ್ಟೆಗಳನ್ನು ಮಾತ್ರ ಬೇರೆ ಇಡಿ. ನಾನು ಹಾಗೆ ಮಾಡಿದಾಗ 32 ಕುರ್ತಾ ಇದ್ದವು, ಆಫೀಸಿಗೆ ತಿರುತಿರುಗಿ ಹಾಕುತ್ತಿದ್ದದ್ದು 7 ಮಾತ್ರ. ಆ ಏಳರಲ್ಲಿ ಐದು, ನಾನೇ ಬಟ್ಟೆ ಆರಿಸಿ ಟೈಲರ್ ಹತ್ತಿರ ಹೊಲಿಸಿದವು! ಅವತ್ತಿನಿಂದ ದಿನಬಳಕೆಗೆ ರೆಡಿಮೇಡ್ ತಗೊಳ್ಳೋದು ಬಹಳ ಕಮ್ಮಿ ಮಾಡಿದ್ದೇನೆ.

ಲೆಕ್ಕ ಹೀಗೆ ಹಾಕಿ. 500 ರೂಪಾಯಿ ಕುರ್ತಾ 20 ಸಲ ಹಾಕುವಷ್ಟರಲ್ಲಿ ಬಣ್ಣ ಹೋಯಿತು ಅಂದರೆ ಒಂದು ಸಲಕ್ಕೆ 25 ರೂಪಾಯಿ ಬಿತ್ತು. ಹೊಲಿಗೆಯೂ ಸೇರಿ 1,400 ಆದದ್ದನ್ನು ವಾರಕ್ಕೊಮ್ಮೆಯಂತೆ ಮೂರು ವರ್ಷ ಹಾಕಿದರೆ, ಒಂದು ಸಲಕ್ಕೆ 10 ರೂಪಾಯಿಯೂ ಬೀಳುವುದಿಲ್ಲ. ಒಂದೇ ಸಲ ಐದೂ ಹೊಲಿಸಬೇಕಿಲ್ಲ, ಎರಡು ತಿಂಗಳಿಗೊಂದು ಸಾಕು.

ಮೊದಲು ಪ್ಯಾಂಟ್ ಬಣ್ಣ ಗಟ್ಟಿ ಮಾಡಿಕೊಳ್ಳಿ. ಕಡುನೀಲಿ, ಕಪ್ಪು, ಹಾಲುಬಿಳಿ ಮೂರಿದ್ದರೆ ಮೇಲೆ ಯಾವ ಬಣ್ಣ ಹಾಕಿದರೂ ನಡೆಯುತ್ತದೆ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಒತ್ತಾಗಿರಬೇಕು. ಮುಷ್ಟಿಯಲ್ಲಿ ಹಿಂಡಿ ಬಿಡಿ. ಹತ್ತಿ ಬಟ್ಟೆ ಸುಕ್ಕಾಗಿಯೇ ಆಗುತ್ತದೆ, ಒಂದಿಷ್ಟೂ ಸುಕ್ಕಾಗದಿದ್ದರೆ ಪಾಲಿಯೆಸ್ಟರ್ ಬೆರೆತಿರಬಹುದು, ಬೇಸಿಗೆಯಲ್ಲಿ ತುಂಬಿದ ಬಸ್ಸಿನಲ್ಲಿ ಅದನ್ನು ಹಾಕಿಕೊಂಡು ನಿಲ್ಲೋದು ಕಷ್ಟ. ಖಾದಿ ಇಷ್ಟವಾದರೆ ಗಾಂಧಿ ಜಯಂತಿವರೆಗೆ ಕಾಯಿರಿ, ಆ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ಸ್ವಲ್ಪ ಚೆಂದ ಬೇಕು ಅನ್ನಿಸಿದರೆ ಗುಳೇದಗುಡ್ಡದ ಖಣ ತನ್ನಿ. ಪೂರ್ತಿ ಕುರ್ತಾಕ್ಕೆ ಬೇಡ, ಬಣ್ಣದ ಸಾದಾ ಹತ್ತಿ ಬಟ್ಟೆಗೆ ಕುತ್ತಿಗೆ ಹತ್ತಿರ, ತೋಳಿನ ತುದಿಗೆ ಖಣದ ಪಟ್ಟಿ ಇಡಿಸಿದರೆ ಸಾಕು, ಹಬ್ಬಕ್ಕೂ ಆಗುತ್ತದೆ, ಮೀಟಿಂಗಿಗೂ ಆಗುತ್ತದೆ.

44 ಇಂಚು ಅಗಲದ ಬಟ್ಟೆಯಾದರೆ ಮಂಡಿವರೆಗಿನ ಕುರ್ತಾಕ್ಕೆ ಎರಡೂವರೆ ಮೀಟರ್ ಹಿಡಿಯಿರಿ. ಮನೆಗೆ ತಂದ ಕೂಡಲೇ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಒಣಗಿಸಿ, ಆಮೇಲೆಯೇ ಟೈಲರಿಗೆ ಕೊಡಿ. ಒಮ್ಮೆ ಅವಸರದಲ್ಲಿ ಹಾಗೇ ಕೊಟ್ಟುಬಿಟ್ಟೆ. ಮೊದಲ ಒಗೆತಕ್ಕೇ ಮುಂಗೈವರೆಗೆ ಇದ್ದ ತೋಳು ಮೇಲೆ ಹೋಯಿತು, ಎದೆ ಹತ್ತಿರ ಬಿಗಿಯಾಯಿತು, ಇಷ್ಟಪಟ್ಟು ತಂದ ಬಟ್ಟೆ ಅಂತ ತುಂಬಾ ಬೇಜಾರಾಯಿತು. ಬಣ್ಣ ಬಿಡುತ್ತದಾ ಅಂತ ಗೊತ್ತಾಗಬೇಕಾದರೆ ಒದ್ದೆ ಬಿಳಿ ಕರ್ಚೀಫಿನಿಂದ ಮೂಲೆಯಲ್ಲಿ ಉಜ್ಜಿ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ಅದನ್ನು ನಂಬಬೇಡಿ, ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ.

ಟೈಲರ್ ಹತ್ತಿರ ಬಾಯಿಬಿಟ್ಟು ಕೇಳಬೇಕು. ಹೊಸ ಅಳತೆ ಕೊಡುವುದಕ್ಕಿಂತ, ನಿಮಗೆ ಸರಿಯಾಗಿ ಕೂರುವ ಹಳೆಯ ಕುರ್ತಾ ಒಂದನ್ನು ಕೊಟ್ಟು ಬನ್ನಿ. ಎರಡೂ ಪಕ್ಕದಲ್ಲಿ ಒಳಗೆ ಒಂದು ಇಂಚು ಬಟ್ಟೆ ಬಿಡಿಸಿ. ದಪ್ಪ ಆದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಬಹುದು, ರೆಡಿಮೇಡಿನಲ್ಲಿ ಅಷ್ಟು ಜಾಗ ಸಿಗೋದೇ ಅಪರೂಪ. ಅಂಚಿಗೆ ಓವರ್‌ಲಾಕ್, ಅಂದರೆ ಎಳೆ ಬಿಚ್ಚದಂತೆ ಅಂಚು ಸುತ್ತುವ ಹೊಲಿಗೆ, ಬೇಕೇ ಬೇಕು. ಬಲಗಡೆ ಒಂದು ಜೇಬು ಇಡಿಸಿ, ಮೊಬೈಲ್ ಹಿಡಿಯುವಷ್ಟು ಆಳ ಇರಲಿ.

ಇನ್ನು ಸ್ಲಿಟ್, ಅಂದರೆ ಕುರ್ತಾದ ಪಕ್ಕದ ಸೀಳು. ಕುರ್ತಾ ಮೊದಲು ಹರಿಯುವುದು ಅಲ್ಲೇ ಅಲ್ವಾ? ಬಸ್ ಹತ್ತುವಾಗ, ಗಾಡಿ ಮೇಲೆ ಕೂರುವಾಗ ಎಳೆತವೆಲ್ಲ ಸ್ಲಿಟ್ ಶುರುವಾಗುವ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಒಳಗಡೆಯಿಂದ ಹೆಬ್ಬೆರಳ ಉಗುರಿನಷ್ಟು ತುಂಡು ಬಟ್ಟೆ ಇಟ್ಟು ಎರಡು ಸಲ ಹೊಲಿಯಲು ಹೇಳಿ. ನನ್ನ ನೀಲಿ ಕುರ್ತಾಕ್ಕೆ ಈಗ ನಾಲ್ಕನೇ ವರ್ಷ, ಕಾಲರ್ ಸ್ವಲ್ಪ ಮಾಸಿದೆ, ಸ್ಲಿಟ್ ಮಾತ್ರ ಒಂದು ಎಳೆಯೂ ಬಿಟ್ಟಿಲ್ಲ.

ಒಗೆಯುವಾಗ ಒಳಮೈ ಹೊರಗೆ ಮಾಡಿ, ನೆರಳಲ್ಲಿ ಒಣಗಿಸಿ. ಲೆಗ್ಗಿಂಗ್ಸಿಗೆ ಬಿಸಿನೀರು ಬೇಡ, ಅದರ ಎಲಾಸ್ಟಿಕ್ ಬೇಗ ಸೋಲುತ್ತದೆ. ಗುಂಡಿ ಸಡಿಲವಾದ ದಿನವೇ ಎರಡು ಹೊಲಿಗೆ ಹಾಕಿಬಿಡಿ, ಬಿದ್ದು ಕಳೆದುಹೋದರೆ ಅದೇ ಥರದ ಗುಂಡಿ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಕಾಗುತ್ತದೆ.